ಬೇವಿನ ದಿಮ್ಮಿಯೊಳಗಿನ ಮೊಳೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಅಜ್ಜಂಪುರದ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಬಿಸಿಲಲ್ಲಿ ನಿಂತು ಕಿರುಚುವುದೇ ಕಸುಬು ಅಂದಮೇಲೆ ಸಮಾಧಾನ ಎಲ್ಲಿಂದ ಬರಬೇಕು? ಮಕ್ಕಳು ವರ್ಷ ವರ್ಷ ಕಡಿಮೆಯಾಗುತ್ತ ಬಂದು, ಒಂದು ಬೇಸಿಗೆ ರಜೆ ಮುಗಿದ ಮೇಲೆ ಆಡಳಿತದವರು ಶಾಲೆಯ ಗೇಟು ತೆಗೆಯಲೇ ಇಲ್ಲ. ಆಗ ನನಗೆ ನಲವತ್ತೇಳು. ಆ ವಯಸ್ಸಿನ ಡ್ರಿಲ್ ಮೇಷ್ಟ್ರು ಯಾರಿಗೆ ಬೇಕು? ಕಡೂರು, ತರೀಕೆರೆ ಎಲ್ಲ ಸುತ್ತಿದೆ. ಹೋದ ಕಡೆಯೆಲ್ಲ ಕೂರಿಸಿ ಕಾಫಿ ಕೊಟ್ಟರು, ಕೆಲಸ ಮಾತ್ರ ಕೊಡಲಿಲ್ಲ. ಒಬ್ಬರಂತೂ ನನ್ನ ಹೊಟ್ಟೆಯ ಕಡೆ ನೋಡಿ ಮುಸಿಮುಸಿ ನಕ್ಕರು. ಅವರಿಗೆ ಬಾಯಿಗೆ ಬಂದದ್ದು ಅಂದು ಎದ್ದು ಬಂದೆ.

ಬೀರೂರಿನ ಹೊರಗೆ, ರೈಲು ಹಳಿಯ ಪಕ್ಕದಲ್ಲಿ ಒಂದು ಹಳೆಯ ಸಾಮಿಲ್ ಇತ್ತು. ದೊಡ್ಡದೇನಲ್ಲ, ತಗಡಿನ ಚಪ್ಪರದಡಿ ಮರ ಕೊಯ್ಯುವ ಒಂದೇ ಒಂದು ಯಂತ್ರ, ದಿಮ್ಮಿ ತಳ್ಳಲು ಹಳಿಯ ಮೇಲೊಂದು ಟ್ರಾಲಿ, ಅಷ್ಟೇ. ಅದರ ಯಜಮಾನರಿಗೆ ಮಂಡಿ ಕೈಕೊಟ್ಟು ಮಿಲ್ ನಿಂತುಹೋಗಿತ್ತು. ನನ್ನ ಅವಸ್ಥೆ ಯಾರಿಂದಲೋ ಕೇಳಿ, ನಡೆಸುವ ಧೈರ್ಯ ಇದ್ದರೆ ನಡೆಸಿ ಎಂದು ಹೇಳಿಕಳಿಸಿದರು. ನನಗೆ ಮರದ ಬಗ್ಗೆ ಏನು ಗೊತ್ತಿತ್ತು? ಕಬಡ್ಡಿ ಅಂಕಣದ ಸುತ್ತ ಗೂಟ ಹೊಡೆಸಿ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಯಂತ್ರ ಎಂದರೆ ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಓಡುವ ಪಟ್ಟಿಯಂಥ ಬ್ಲೇಡು. ಈಚೆಯಿಂದ ಒಬ್ಬರು ದಿಮ್ಮಿ ತಳ್ಳಬೇಕು, ಆಚೆ ಕಡೆ ಇನ್ನೊಬ್ಬರು ಹಲಗೆ ಹಿಡಿದು ಎಳೆದುಕೊಳ್ಳಬೇಕು. ಆಳು ಇಡುವ ಶಕ್ತಿ ನಮಗಿರಲಿಲ್ಲ. ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದ ನನ್ನ ಹೆಂಡತಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ನಾನೂ ಬರುತ್ತೇನೆ ಅಂದಳು. ಹೆಂಗಸರ ಕೆಲಸ ಅಲ್ಲ ಅದು ಅಂದೆ. ನಿಮ್ಮ ಕೆಲಸವೂ ಅಲ್ಲ ಅಂದಳು. ಬೆಳಗ್ಗೆ ಅಜ್ಜಂಪುರದಿಂದ ಬೈಕಿನಲ್ಲಿ ಇಬ್ಬರೂ ಹೊರಡುವುದು, ಸಂಜೆ ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡು ಮರಳುವುದು ಅಭ್ಯಾಸವಾಯಿತು.

ಕೆಲಸ ಬರಲಿಲ್ಲ, ಬಂದರೂ ಕೈಗೆ ಹತ್ತಲಿಲ್ಲ. ನಾನು ಕೊಯ್ದ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಹಪ್ಪಳ. ತರೀಕೆರೆಯ ಬಡಗಿಯೊಬ್ಬ ಕೊಂಡುಹೋದದ್ದನ್ನು ಆಟೋದಲ್ಲಿ ವಾಪಸ್ಸು ತಂದು ಇಳಿಸಿ, ಮೇಷ್ಟ್ರೇ, ಇದರಲ್ಲಿ ಮಕ್ಕಳಿಗೆ ಜಾರುಬಂಡೆ ಮಾಡಿಕೊಡಿ ಅಂದು ಹೋದ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮಳೆಗಾಲ ಮುಗಿಯುವಷ್ಟರಲ್ಲಿ ಮಿಲ್ಲಿನ ಕಡೆ ತಲೆ ಹಾಕುವವರೇ ಇಲ್ಲವಾದರು. ಯಜಮಾನರು ಒಳ್ಳೆಯವರೇ. ಆದರೆ ಅವರೂ ಎಷ್ಟು ದಿನ ಕಾಯುತ್ತಾರೆ? ಯುಗಾದಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಮಿಲ್ ಓಡದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಮೆತ್ತಗೆ ಹೇಳಿದರು.

ಆ ದಿನಗಳ ಬಗ್ಗೆ ಮುಚ್ಚಿಟ್ಟು ಬರೆದರೆ ಪ್ರಯೋಜನವಿಲ್ಲ. ನಾನು ಸಾಯುವ ಯೋಚನೆ ಮಾಡುತ್ತಿದ್ದೆ. ಯಾರ ಮೇಲೂ ಸಿಟ್ಟಿನಿಂದಲ್ಲ. ನನ್ನಿಂದ ಇನ್ನು ಯಾರಿಗೂ ಉಪಯೋಗ ಇಲ್ಲ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಬೀಡಿ ನೆಪದಲ್ಲಿ ಹಳಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ದೂರದಲ್ಲಿ ಗಾಡಿ ಕಾಣಿಸುತ್ತಿತ್ತು. ಹತ್ತಿರ ಬರುತ್ತಿತ್ತು, ಹೋಗುತ್ತಿತ್ತು. ಅಷ್ಟರಲ್ಲಿ ಹೆಂಡತಿ ಏನಾದರೊಂದು ಕೆಲಸಕ್ಕೆ ಕೂಗುತ್ತಿದ್ದಳು, ನೀರು ಬೇಕು, ಬೆಲ್ಟು ಸಡಿಲವಾಗಿದೆ, ದಿಮ್ಮಿ ಹೊರಳಿಸಬೇಕು ಅಂತ. ಇವಳದೊಂದು ಕಿರಿಕಿರಿ ಎಂದು ಗೊಣಗುತ್ತ ಹೋಗುತ್ತಿದ್ದೆ. ರೇಗುತ್ತಲೂ ಇದ್ದೆ. ಮಿಲ್ಲೂ ಹೋದರೆ ಬೆಳಗ್ಗೆ ಹಾಸಿಗೆಯಿಂದ ಏಳುವುದಕ್ಕೆ ನನಗೆ ಕಾರಣವೇ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶಿವರಾತ್ರಿಗೆ ಮುಂಚೆ ಯಗಟಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಹೊಲದ ಬದುವಿನಲ್ಲಿದ್ದ ಹಳೆಯ ಬೇವಿನ ಮರ ಗಾಳಿಗೆ ಬಿದ್ದಿತ್ತಂತೆ. ಹೊಸ ಮನೆ ಕಟ್ಟಿಸುತ್ತಿದ್ದರು. ಬಾಗಿಲು ಕಿಟಕಿಗೆಲ್ಲ ಅದೇ ಮರ ಆಗಬೇಕು, ಗೃಹಪ್ರವೇಶಕ್ಕೆ ಮಠದ ಸ್ವಾಮಿಗಳು ಬರುತ್ತಾರೆ ಅಂದರು. ನನ್ನ ಹೆಸರು ಕೆಟ್ಟಿರುವ ಸುದ್ದಿ ಯಗಟಿಯವರೆಗೆ ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ಅಷ್ಟು ದೊಡ್ಡ ಕೆಲಸ ನಾನು ಕಂಡಿರಲಿಲ್ಲ. ಇದೊಂದು ಸರಿಯಾಗಿ ಮಾಡಿಕೊಟ್ಟರೆ ಯಜಮಾನರ ಬಾಯಿ ಮುಚ್ಚುತ್ತದೆ, ಮಿಲ್ ನನಗೇ ಉಳಿಯುತ್ತದೆ. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಟ್ರ್ಯಾಕ್ಟರಿನ ಜೊತೆ ಆ ಮನೆಯ ಮಗ ಬಂದಿದ್ದ, ಅವನ ತಾಯಿಯೂ ಬಂದಿದ್ದರು. ಹಣೆ ತುಂಬ ವಿಭೂತಿ, ಅರವತ್ತರ ಆಜುಬಾಜು. ಊರ ಮರ ಕೊಯ್ಯುವವನು ಮೊದಲು ಕೇಳಬೇಕಾದ ಮಾತೊಂದಿದೆ: ಮರದಲ್ಲಿ ಕಬ್ಬಿಣ ಇದೆಯಾ ಅಂತ. ಬಟ್ಟೆ ಒಣಹಾಕುವ ತಂತಿಗೆ, ಕುಡುಗೋಲು ಸಿಕ್ಕಿಸುವುದಕ್ಕೆ, ದನ ಕಟ್ಟುವುದಕ್ಕೆ ಅಂತ ನಮ್ಮ ಜನ ಮರಕ್ಕೆ ಮೊಳೆ ಹೊಡೆಯುತ್ತಲೇ ಇರುತ್ತಾರೆ. ಮಗ ನನಗೆ ಗೊತ್ತಿಲ್ಲ ಎಂದು ತಾಯಿಯ ಮುಖ ನೋಡಿದ. ಆ ತಾಯಿ ನೆಲ ನೋಡಿಕೊಂಡು, “ಇಲ್ಲ ಕಣಪ್ಪಾ, ಏನೂ ಇಲ್ಲ,” ಅಂದರು. ನಾನು ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ದಿಮ್ಮಿಯ ಉದ್ದಕ್ಕೂ ಆಡಿಸಿದೆ. ಎಲ್ಲಿಯೂ ಹಿಡಿಯಲಿಲ್ಲ.

ಎರಡು ದಿನ ಕೆಲಸ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಹಲಗೆಗಳು ನೆಟ್ಟಗೆ ಬರುತ್ತಿದ್ದವು. ಹೆಂಡತಿ ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪರವಾಗಿಲ್ಲ ಕಣ್ರೀ, ಈ ಜನ್ಮದಲ್ಲೇ ಕಲಿತಿರಿ ಎಂದು ರೇಗಿಸಿದಳು. ಮೂರನೆಯ ದಿನ ಬುಡದ ಕಡೆಯ ದಪ್ಪ ದಿಮ್ಮಿಯನ್ನು ಟ್ರಾಲಿಗೆ ಏರಿಸಿದೆವು. ಅರ್ಧ ಕೊಯ್ದಿರಬೇಕು, ಬ್ಲೇಡು ಕಿರ್ರೆಂದಿತು, ಒಂದು ಕಿಡಿ ಹಾರಿತು, ಮರುಕ್ಷಣ ಪಟ್ಟಿ ತುಂಡಾಗಿ ಹಾವಿನಂತೆ ಚಿಮ್ಮಿತು. ನಾನು ಸ್ವಿಚ್ಚಿಗೆ ಹಾರಿದೆ. ತಿರುಗಿ ನೋಡಿದರೆ ಆಚೆ ಕಡೆ ಅವಳು ಬಲಗೈಯನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಕೂತಿದ್ದಳು. ಸೆರಗು ಕೆಂಪಾಗುತ್ತಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನರಕ್ಕೆ ಪೆಟ್ಟಾಗಿಲ್ಲ, ಪುಣ್ಯ ಮಾಡಿದ್ದೀರಿ, ಆದರೆ ಈ ಕೈಯಲ್ಲಿ ಇನ್ನು ಕೆಲವು ತಿಂಗಳು ಒಂದು ಚೊಂಬು ನೀರನ್ನೂ ಎತ್ತುವ ಹಾಗಿಲ್ಲ ಅಂದರು ಡಾಕ್ಟರು. ಅವಳನ್ನು ಮನೆಗೆ ಬಿಟ್ಟು ನಾನು ಮಿಲ್ಲಿಗೆ ವಾಪಸ್ಸು ಹೋದೆ. ಬ್ಲೇಡಿನ ಹಲ್ಲೆಲ್ಲ ಉದುರಿತ್ತು. ಕೊಡಲಿ ತೆಗೆದುಕೊಂಡು ದಿಮ್ಮಿಯನ್ನು ಸೀಳಿದೆ. ಅರ್ಧ ಗೇಣು ಒಳಗೆ, ಕಪ್ಪಗಾದ ಮರದ ನಡುವೆ, ಕಮ್ಮಾರನ ಕೈಯಲ್ಲಿ ಬಡಿದ ಒಂದು ಉದ್ದನೆಯ ಮೊಳೆ. ಅದರ ತಲೆಗೆ ಸುತ್ತಿಕೊಂಡು ನಾಲ್ಕೆಳೆ ಉದ್ದ ಕೂದಲು.

ಅದೇನು ಅಂತ ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೈಮೇಲೆ ಏನೋ ಬಂದಿದೆ, ಗಾಳಿ ಹಿಡಿದಿದೆ ಅಂದಾಗ ಆ ಮನುಷ್ಯರನ್ನು ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ಜುಟ್ಟಿನ ಕೂದಲನ್ನು ಮೊಳೆಯಿಂದ ಮರಕ್ಕೆ ಹೊಡೆದು, ಆಮೇಲೆ ಕೂದಲು ಕತ್ತರಿಸಿ ಬಿಡಿಸುತ್ತಾರೆ. ಹಿಡಿದದ್ದು ಮರದಲ್ಲೇ ಉಳಿಯುತ್ತದೆ ಅನ್ನುವುದು ನಂಬಿಕೆ. ಮೊಳೆಯ ಮೇಲೆ ಮರ ಬೆಳೆದು ಮುಚ್ಚಿಕೊಂಡಿತ್ತು. ಆಯಸ್ಕಾಂತಕ್ಕೆ ಸಿಗದಷ್ಟು ಆಳ. ಆ ಹೆಂಗಸಿಗೆ ಗೊತ್ತಿತ್ತು, ಗೊತ್ತಿದ್ದೂ ಇಲ್ಲ ಅಂದಿದ್ದರು. ಮೊಳೆ, ಕೂದಲು ಎರಡನ್ನೂ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಗ್ಗೆ ಯಗಟಿಗೆ ಹೊರಟೆ. ಊರ ಮುಂದೆ ನಿಲ್ಲಿಸಿ ಮರ್ಯಾದೆ ಕಳೆಯಬೇಕು ಅನ್ನುವುದೊಂದೇ ಇತ್ತು ತಲೆಯಲ್ಲಿ. ಹೆಂಡತಿ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಬಂದು ಬೈಕು ಹತ್ತಿದಳು. ಬೇಡ ಎಂದು ಎಷ್ಟು ಹೇಳಿದರೂ ಇಳಿಯಲಿಲ್ಲ.

ಹೊಸ ಮನೆಯ ಹಿಂದೆ ಒಂದು ಹುಣಸೆ ಮರ, ಅದರಡಿ ಆ ತಾಯಿ ರಾಗಿ ಕೇರುತ್ತಿದ್ದರು. ಮಗ ಮನೆಯಲ್ಲಿರಲಿಲ್ಲ. ನಾನು ನಮಸ್ಕಾರವನ್ನೂ ಹೇಳದೆ ಮೊಳೆಯನ್ನು ಅವರ ಮೊರದೊಳಗೆ ಎಸೆದು ಬೈಯಲು ಶುರುಮಾಡಿದೆ. ಬ್ಲೇಡು ಹೋಯಿತು ಅಂದೆ, ಮಿಲ್ ಹೋಗುತ್ತದೆ ಅಂದೆ, ಒಂದು ಸುಳ್ಳಿಗೆ ನನ್ನ ಹೆಂಡತಿಯ ಕೈ ಹೋಗುತ್ತಿತ್ತು ಅಂದೆ. ಅವರಿಗೆ ಯಾವುದೂ ಕೇಳಿಸಿದ ಹಾಗಿರಲಿಲ್ಲ. ಮೊಳೆಯನ್ನೇ ನೋಡುತ್ತಿದ್ದರು.

“ಕೂದ್ಲು ಇತ್ತಾ?” ಅಂದರು.

ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅದು ಅವರ ಮಗಳ ಕೂದಲು. ಹುಡುಗಿ ಹೈಸ್ಕೂಲಿಗೆ ಹೋಗುವಾಗ ಜೊತೆಯ ಗೆಳತಿ ಬಾವಿಗೆ ಬಿದ್ದು ಸತ್ತಿದ್ದಳಂತೆ. ಅವತ್ತಿನಿಂದ ಇವಳು ಅನ್ನ ಬಿಟ್ಟಳು, ಮಾತು ಬಿಟ್ಟಳು, ಎದ್ದೆದ್ದು ಆ ಬಾವಿಯ ಕಡೆಗೇ ಹೋಗುತ್ತಿದ್ದಳಂತೆ. ಡಾಕ್ಟರಿಗೂ ತೋರಿಸಿದರು, ಕೊನೆಗೆ ಬೇವಿನ ಮರಕ್ಕೂ ನಿಲ್ಲಿಸಿದರು. ಯಾವುದರಿಂದಲೋ, ಹುಡುಗಿ ಉಳಿದಳು. ಮೊಳೆ ಹೊಡೆಸಿದವರು ಮಾತ್ರ ಅದರ ವಿಷಯ ಯಾವತ್ತೂ ಬಾಯಿ ಬಿಡಬಾರದು ಅನ್ನುವುದು ಕಟ್ಟುಪಾಡು.

“ಹೇಳುದ್ರೆ ಮರದಲ್ಲಿರೋದು ಬಿಟ್ಕಂಡ್ಬಿಡ್ತದೆ ಅಂದಿದ್ರು ಕಣಪ್ಪಾ. ಮೊಳೆ ಇದ್ದಿದ್ ಭಾಗ ಸೌದೆಗೆ ಹೋಗಿರ್ತದೆ ಅನ್ಕಂಡಿದ್ದೆ,” ಅಂದರು. ಆಮೇಲಷ್ಟೇ ಅವರ ಕಣ್ಣು ನನ್ನ ಹೆಂಡತಿಯ ಬ್ಯಾಂಡೇಜಿನ ಮೇಲೆ ಬಿತ್ತು. ಎದ್ದು ಬಂದು ಆ ಕೈಯನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದುಕೊಂಡು, “ನನ್ ಮಗಳನ್ನ ಉಳಿಸ್ಕಳ್ಳಕ್ಕೋಗಿ ನಿನ್ ಕೈ ಕುಯ್ದುಬಿಟ್ಟೆ ಕಣವ್ವಾ,” ಎಂದು ಅತ್ತರು. ನನ್ನ ಕೋಪ ಹೋಗಿತ್ತು ಅಂತಲ್ಲ, ಎಲ್ಲಿ ಇಳಿಸುವುದೋ ತಿಳಿಯಲಿಲ್ಲ.

ನನ್ನ ಹೆಂಡತಿ ಇಂಥದ್ದನ್ನೆಲ್ಲ ನಂಬುವವಳಲ್ಲ. ಶಾಲೆ ಮುಚ್ಚಿದಾಗ ಪಕ್ಕದ ಮನೆಯವರು ಯಂತ್ರ ಕಟ್ಟಿಸಿ ಅಂದದ್ದಕ್ಕೆ, ಹೊಲಿಗೆ ಯಂತ್ರವೇ ಸಾಕಾಗಿದೆ ಎಂದು ನಕ್ಕು ಕಳಿಸಿದ್ದಳು. ಅವತ್ತು ಮಾತ್ರ, ನಿಮ್ಮ ಮಗಳು ಈಗ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ, ಎರಡು ಮಕ್ಕಳ ತಾಯಿ, ಫೋನಿನಲ್ಲಿ ನಗುತ್ತಲೇ ಮಾತಾಡುತ್ತಾಳೆ ಅಂದರು ಆ ತಾಯಿ.

“ಹಂಗಾದ್ರೆ ಇವರಿಗೂ ಒಂದು ಮೊಳೆ ಹೊಡೀರಿ ಅವ್ವಾ,” ಅಂದಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ನಿನಗೇನು ತಲೆ ಕೆಟ್ಟಿದೆಯಾ ಎಂದು ಗದರಿದೆ.

“ಕೆಟ್ಟಿದೆ ಕಣ್ರೀ. ನೀವು ದಿನಾ ಹೋಗಿ ಹಳಿ ಹತ್ರ ನಿಂತ್ಕೊಳ್ಳೋದು ನನಗೆ ಕಾಣಲ್ವಾ? ಹಲಗೆ ಎಳೆಯಕ್ಕೆ ಅಂತ ನಾನು ಮಿಲ್ಲಿಗೆ ಬರ್ತಿದ್ದೆ ಅಂದ್ಕೊಂಡ್ರಾ? ನಿಮ್ಮನ್ನ ಅಲ್ಲಿ ಒಬ್ಬರನ್ನೇ ಬಿಡಕ್ಕೆ ಭಯ ಆಗಿ ಬರ್ತಿದ್ದೆ.” ಉಸಿರು ತೆಗೆದುಕೊಂಡು ಬ್ಯಾಂಡೇಜಿನ ಕೈಯನ್ನು ತೋರಿಸಿದಳು. “ಈಗ ಇದು ಹಿಂಗಾಗಿದೆ. ನಾಳೆಯಿಂದ ನಾನು ಬರಕ್ಕಾಗಲ್ಲ. ನಿಮ್ಮನ್ನ ಯಾರು ಕಾಯ್ತಾರೆ, ಹೇಳಿ?”

ನೀರು ಬೇಕು, ಬೆಲ್ಟು ಸಡಿಲವಾಗಿದೆ, ದಿಮ್ಮಿ ಹೊರಳಿಸಬೇಕು. ಒಂದೊಂದು ಕೂಗಿಗೂ ನಾನು ಅವಳ ಮೇಲೆ ಹಾರಾಡಿದ್ದೆ. ಆ ಹುಣಸೆ ಮರದಡಿ ನಿಂತು ನಾನು ಅತ್ತೆ. ಪರರ ಊರು, ಪರರ ಹಿತ್ತಲು ಅನ್ನುವ ನಾಚಿಕೆಯೂ ಆಗಲಿಲ್ಲ.

ಆ ತಾಯಿ ಒಳಗೆ ಹೋಗಿ ಸುತ್ತಿಗೆ, ಒಂದು ಹೊಸ ಮೊಳೆ, ಕತ್ತರಿ ತಂದರು. ಮೊದಲು ಅವರ ಮಗಳ ಕೂದಲನ್ನು ಅದೇ ಹಳೆಯ ಮೊಳೆಗೆ ಸುತ್ತಿ ಹುಣಸೆ ಮರಕ್ಕೆ ಇಟ್ಟರು. ಸುತ್ತಿಗೆ ತೆಗೆದುಕೊಂಡು ನಾನೇ ಹೊಡೆದೆ. ಮರ ಕೊಯ್ದು ಬದುಕುವವನು ಹಸಿ ಮರಕ್ಕೆ ಕಬ್ಬಿಣ ಇಳಿಸುತ್ತಿದ್ದೆ; ಇನ್ಯಾವತ್ತೋ ಇನ್ಯಾರದೋ ಬ್ಲೇಡಿಗೆ ಅದು ಸಿಗುತ್ತದೆ ಎಂದು ಗೊತ್ತಿದ್ದೂ ತಲೆ ಮರದಲ್ಲಿ ಮುಳುಗುವವರೆಗೆ ಹೊಡೆದೆ. ಆಮೇಲೆ ನನ್ನನ್ನು ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದರು. ನೆತ್ತಿ ಬೋಳಾಗಿದ್ದರೂ ತಿಂಗಳುಗಟ್ಟಲೆ ಕ್ಷೌರ ಕಾಣದೆ ಹಿಂದಲೆಯ ಕೂದಲು ಕುತ್ತಿಗೆಯವರೆಗೆ ಇಳಿದಿತ್ತು. ನನಗೆ ನಂಬಿಕೆ ಇತ್ತಾ ಅಂದರೆ ಇರಲಿಲ್ಲ. ಹೆಂಡತಿಗೂ ಇರಲಿಲ್ಲ. ಆದರೂ ಅವಳು ಸುತ್ತಿಗೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಆ ತಾಯಿ ಮೊಳೆ ಹಿಡಿದುಕೊಂಡರು, ಇವಳು ಎಡಗೈಯಲ್ಲಿ ಹೊಡೆದಳು. ಒಂದೊಂದು ಏಟೂ ನನ್ನ ತಲೆಬುರುಡೆಯೊಳಗೆ ಕೇಳಿಸುತ್ತಿತ್ತು.

ಹೊಡೆದಾಯಿತು. ಕೂದಲು ಬಿಗಿದು ತಲೆ ಮರಕ್ಕೆ ಅಂಟಿತ್ತು. ಆ ತಾಯಿ ಬಿಡಿಸುವುದಕ್ಕೆಂದು ಕತ್ತರಿ ಎತ್ತಿದರು. ಹೆಂಡತಿ ಅವರ ಕೈ ತಡೆದಳು.

“ತಡೀರಿ ಅವ್ವಾ,” ಅಂದಳು. “ಇನ್ನೊಂದು ಸ್ವಲ್ಪ ಹೊತ್ತು ಹಂಗೇ ಇರ್ಲಿ.”

ನಾನು ಹಾಗೇ ನಿಂತುಕೊಂಡೆ.