ಹೊಸಮನೆಯ ಆಂದೋಲನ

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ. ಸೀರೆ ಅಂಗಡಿಯಲ್ಲೂ ಹೀಗೆ, ಹೋಟೆಲಿನಲ್ಲೂ ಹೀಗೆ. ನಾನು ಬೆಳೆದ ಭದ್ರಾವತಿಯ ಕಾಗದನಗರವೇ ಇದಕ್ಕೆ ಕಾರಣ ಎಂದು ನನ್ನ ವಾದ. ಅಲ್ಲಿ ಕಾರ್ಖಾನೆ ಕೊಟ್ಟ ಕ್ವಾರ್ಟರ್ಸು, ಅವರೇ ಬಳಿಸಿದ ಸುಣ್ಣ, ಅವರೇ ನೆಡಿಸಿದ ಮರ. ಪಾರ್ಕು ಕೂಡ ಮಳೆಯ ಹಾಗೆ, ಮೇಲಿನಿಂದ ಬಂದಾಗ ಬಂತು ಎಂದೇ ನಂಬಿದ್ದವಳು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಶಿವಮೊಗ್ಗದ ಹೊಸಮನೆಯಲ್ಲಿದ್ದೆವು. ಬೀದಿಯ ಕೊನೆಗೊಂದು ಪಾರ್ಕು ಇತ್ತು. ಪಾರ್ಕು ಎಂಬುದು ಹೆಸರಿಗಷ್ಟೆ. ಸುತ್ತ ತಂತಿಬೇಲಿ, ಒಳಗೆ ಎದೆಮಟ್ಟ ಕಳೆ, ಕಾಯಂ ಸದಸ್ಯತ್ವ ಪಡೆದಂತೆ ಮಲಗಿರುವ ಹಸುಗಳು. ಅದನ್ನು ಚಂದ ಮಾಡುತ್ತೇವೆ, ಏನೇನು ಬೇಕು ಬಂದು ಹೇಳಿ ಎಂದು ನಗರಸಭೆಯ ಎಳೆಯ ಎಂಜಿನಿಯರೊಬ್ಬರು ಒಂದು ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಕರೆದರು.

ಆವತ್ತು ಒಬ್ಬರು ವಾಕಿಂಗ್ ಮಾಡಲು ದಾರಿ ಬೇಕೆಂದರು. ನಿವೃತ್ತ ಸಂಸ್ಕೃತ ಮೇಷ್ಟರು ಒಂದೊಂದು ನಕ್ಷತ್ರಕ್ಕೆ ಒಂದೊಂದು ಮರ ನೆಡಿಸಿ ಎಂದರು. ಅಡಿಕೆ ಮಂಡಿಯ ರುದ್ರಪ್ಪನವರು ಬಣ್ಣದ ದೀಪಗಳ ಕಾರಂಜಿಯನ್ನು ವರ್ಣಿಸಿದ ರೀತಿಗೆ ಮುಂದಿನ ಸಾಲಿನವರು ಒದ್ದೆಯಾಗುವುದೊಂದು ಬಾಕಿ. ನನ್ನ ಸರದಿ ಬಂದಾಗ ನಾನು, “ಎಲ್ಲರೂ ಹೇಳಿದ್ದೇ ಸಾಕು” ಎಂದು ಕೂತುಬಿಟ್ಟೆ.

ಆಗ ಹಿಂದಿನಿಂದ ರುದ್ರಪ್ಪನವರ ಹೆಂಡತಿ ಪಾರ್ವತಮ್ಮ ಎದ್ದು ನಿಂತರು. ಅಷ್ಟು ವರ್ಷದ ನೆರೆಹೊರೆಯಲ್ಲಿ ಅವರು ನಾಲ್ಕು ಜನರೆದುರು ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

“ಒಂದು ಜೋಕಾಲಿ ಹಾಕ್ಸಿ.”

“ಮಕ್ಕಳ ಉಯ್ಯಾಲೆ ಇದ್ದೇ ಇರುತ್ತಮ್ಮ” ಎಂದರು ಎಂಜಿನಿಯರ್.

“ಮಕ್ಕಳಿಗಲ್ಲ. ನಮಗೆ.”

ಒಮ್ಮೆಲೇ ಎದ್ದ ನಗು ಬೇಲಿ ದಾಟಿ ಹೋಯಿತು. ರುದ್ರಪ್ಪನವರ ಕಿವಿ ಕೆಂಪಾಯಿತು. ಎಂಜಿನಿಯರ್ ಪಾಪ, ಒಳ್ಳೆಯ ಮಾತಿನಲ್ಲೇ, “ನಮಗೆ ಬರೋದೆಲ್ಲ ಮಕ್ಕಳ ತೂಕಕ್ಕೆ ಮಾಡಿದ್ದಮ್ಮ” ಎಂದರು. ತೂಕ ಎಂದದ್ದೇ ನಗು ಇಮ್ಮಡಿಯಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನಗೇನು ಬೇಕೆಂದು ಹೇಳಲು ಬಾರದಿದ್ದರೂ ತಪ್ಪು ಭೌತಶಾಸ್ತ್ರ ಕಿವಿಗೆ ಬಿದ್ದರೆ ಸುಮ್ಮನಿರಲಾರೆ. ಎದ್ದು ನಿಂತು ಒಂಬತ್ತನೇ ಕ್ಲಾಸಿಗೆ ಹೇಳುವ ದನಿಯಲ್ಲೇ ಹೇಳಿದೆ: “ಲೋಲಕ ತೂಗೋದಕ್ಕೂ ತೂಕಕ್ಕೂ ಸಂಬಂಧ ಇಲ್ಲ. ಮಗು ಕೂತ್ರೂ ಅಜ್ಜಿ ಕೂತ್ರೂ ಹೋಗಿ ಬರೋಕೆ ಅಷ್ಟೇ ಹೊತ್ತು. ಸರಪಳಿ ಗಟ್ಟಿ ಇದ್ರೆ ಸಾಕು.”

ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಎಂಜಿನಿಯರ್ ತಲೆ ಕೆರೆದುಕೊಂಡು, “ಗಟ್ಟಿಯಾದದ್ದು ನೀವೇ ಮಾಡಿಸಿ ತಂದ್ರೆ ನಿಲ್ಲಿಸಿಕೊಡ್ತೀನಿ ಮೇಡಂ” ಎಂದರು.

ಆಮೇಲಿನ ದಿನಗಳು ಕನಸಿನಂತಿದ್ದವು. ಕಳೆ ಕಿತ್ತು ನೆಲ ಬಯಲಾಗಿತ್ತು, ಬೇರೇನೂ ಬಂದಿರಲಿಲ್ಲ. ಮುಂಜಾನೆ ತುಂಗೆಯ ಕಡೆಯಿಂದ ಮಂಜು ಬಂದು ಆ ಬಯಲಿನ ಮೇಲೆ ಕೂರುತ್ತಿತ್ತು. ಅದರೊಳಗೆ ಮೇಷ್ಟರು ಇನ್ನೂ ನೆಡದ ಮರಗಳನ್ನು ಬಳಸಿಕೊಂಡು ನಡೆಯುತ್ತಿದ್ದರು. ರುದ್ರಪ್ಪನವರು ಬಯಲಿನ ನಡುವೆ ನಿಂತು, ಇಲ್ಲದ ಕಾರಂಜಿಯನ್ನು ತಲೆಯೆತ್ತಿ ನೋಡುತ್ತಿದ್ದರು. ಕಟ್ಟಿದ ಪಾರ್ಕಿನಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಅಡ್ಡ ಬರುತ್ತಾರೆ. ಕಟ್ಟದ ಪಾರ್ಕಿನಲ್ಲಿ ಎಲ್ಲರಿಗೂ ಜಾಗವಿತ್ತು.

ಪಾರ್ವತಮ್ಮ ಮಾತ್ರ ಹೊರಗೆ ಕಾಣಲಿಲ್ಲ. ಮನೆಯಲ್ಲಿ ರುದ್ರಪ್ಪನವರು, “ಎಂಥ ಮಾತು ಮಾರಾಯ್ತಿ, ಮಂಡೀಲೆಲ್ಲ ನಗ್ತಿದಾರೆ” ಎಂದು ರೇಗಿದ್ದರಂತೆ. ಕೊನೆಗೊಂದು ಮಧ್ಯಾಹ್ನ ಪಾರ್ವತಮ್ಮ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಟೀಚರೇ, ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ರಲ್ಲ, ನಿಜಾನಾ?”

“ನಿಜ.”

“ಹಂಗಾದ್ರೆ ಮಾಡಿಸೋಣ.”

ಕಾಫಿ ಕುಡಿಯುತ್ತ ಹೇಳಿದರು. ಅವರ ತವರು ಹಾವೇರಿ ಕಡೆ. ಅಲ್ಲಿ ನಾಗರಪಂಚಮಿಗೆ ದೊಡ್ಡ ಬೇವಿನ ಮರಕ್ಕೆ ಹಗ್ಗ ಕಟ್ಟಿ ಹೆಂಗಸರೆಲ್ಲ ಜೀಕುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅದು ನಿಂತಿತು. ಮನೆಯಲ್ಲಿ ತೂಗುಮಂಚವಿದೆ, ನಿಜ. ಮೊದಲು ಅದರ ಮೇಲೆ ಮಾವ ಕೂರುತ್ತಿದ್ದರು, ಈಗ ಯಜಮಾನರು ಪೇಪರ್ ಓದುತ್ತಾರೆ. “ನಾನು ಅದರ ಧೂಳು ಒರೆಸ್ತೀನಿ” ಎಂದು ನಕ್ಕರು.

ನನಗೆ ಆವತ್ತು ಹೊಳೆದದ್ದು ಇದು. ಹಸುಗೂಸಿಗೆ ತೊಟ್ಟಿಲು, ದೇವರಿಗೆ ಉಯ್ಯಾಲೆ ಸೇವೆ. ಎರಡನ್ನೂ ತೂಗುವ ಕೈ ಹೆಂಗಸಿನದು. ಆ ಕೈಯವಳನ್ನು ಕೂರಿಸಿ ತೂಗಬೇಕೆಂದು ಯಾವ ಶಾಸ್ತ್ರಕಾರನೂ ಬರೆದಿಟ್ಟಂತಿಲ್ಲ. ಇನ್ನು ನಮ್ಮ ಭಾಷೆಯ ಚೆಲುವು ನೋಡಿ: ಲೋಲಕ ಅತ್ತಿತ್ತ ತೂಗುವುದೂ ಆಂದೋಲನವೇ, ಜನ ಒಟ್ಟಾಗಿ ಏನನ್ನಾದರೂ ಕೇಳುವುದೂ ಆಂದೋಲನವೇ. ಬೀದಿಯ ಹೆಂಗಸರೆಲ್ಲ ಕೈಲಾದಷ್ಟು ದುಡ್ಡು ಹಾಕಿ ಕೈಜೋಡಿಸಿದ ಮೇಲೆ ಎರಡು ಅರ್ಥವೂ ನಮ್ಮದಾಯಿತು.

ಒಂದು ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ದಾರಿಯಲ್ಲಿ ಕೇಳಿದೆ, “ಮನೇಲಿ ಹೇಳಿದೀರಾ?”

“ಭದ್ರಾವತಿಗೆ ಹೋಗ್ತೀನಿ ಅಂದೆ. ಯಾಕೆ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ನನ್ನ ಅಪ್ಪನ ಪರಿಚಯದ ವೆಲ್ಡಿಂಗ್ ಶೆಡ್ಡಿನಲ್ಲಿ ಮುದುಕನೊಬ್ಬ ತಮಿಳು ಬೆರೆತ ಕನ್ನಡದಲ್ಲಿ ವಿಚಾರಿಸಿದ, “ಪಾಪಾಗೆ ಎಷ್ಟು ವಯಸ್ಸಮ್ಮಾ?”

“ಐವತ್ತು ದಾಟಿದೆ” ಎಂದರು ಪಾರ್ವತಮ್ಮ.

ಅವನು ನಗಲಿಲ್ಲ. ಅವರನ್ನೊಮ್ಮೆ ನೋಡಿ, “ಹಂಗಂದ್ರೆ ಹಲಗೆ ಅಗಲ ಇಡ್ತೀನಿ” ಎಂದು ಕಬ್ಬಿಣದ ಕೊಳವೆ ಆರಿಸಲು ಹೋದ.

ಪಾರ್ಕು ಸಿದ್ಧವಾದ ಸಂಜೆ ಎಲ್ಲರೂ ಬಂದರು. ಕಾರಂಜಿಯೂ ಇತ್ತು, ಮೇಷ್ಟರ ಗಿಡಗಳೂ ಇದ್ದವು. ಮೂಲೆಯಲ್ಲಿ ನಮ್ಮ ಜೋಕಾಲಿ ಖಾಲಿ ತೂಗುತ್ತಿತ್ತು. ಅಷ್ಟು ಆಸೆಪಟ್ಟು ಮಾಡಿಸಿದ ಹೆಂಗಸರೆಲ್ಲ ನೀನು ಕೂರು, ನೀನು ಕೂರು ಎಂದು ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು. ಅಷ್ಟರಲ್ಲಿ ರುದ್ರಪ್ಪನವರು ಕಾರಂಜಿ ಬಿಟ್ಟು ನಮ್ಮತ್ತಲೇ ಬಂದರು.

“ಇದಕ್ಕೇನಾ ಭದ್ರಾವತಿಗೆ ಹೋಗಿದ್ದು?”

“ಹೌದು” ಎಂದ ಪಾರ್ವತಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು.

ಮೊದಲು ಮೆಲ್ಲಗೆ, ಆಮೇಲೆ ಕಾಲು ಚಾಚಿ, ಮಡಿಸಿ, ಮೈಯೆಲ್ಲ ಬಾಗಿಸಿ ಜೀಕಿದರು. ಕಲಿತದ್ದನ್ನು ಮೈ ಮರೆತಿರಲಿಲ್ಲ. ತುರುಬು ಬಿಚ್ಚಿತು. ಸಂಜೆಯ ಕೆಂಪಿನೊಳಗೆ ಹೋಗಿ, ನೆರಳಿನೊಳಗೆ ಮರಳಿ, ಮತ್ತೆ ಕೆಂಪಿಗೆ ಏರುತ್ತಿದ್ದರು.

“ನಿಧಾನ ಕಣೇ!” ಎಂದರು ರುದ್ರಪ್ಪ.

ನಿಧಾನವಾಗಲಿಲ್ಲ. ಮೇಲಿನ ತುದಿಯಲ್ಲಿ ಕಾಲಿನಿಂದ ಒಂದು ಚಪ್ಪಲಿ ಹಾರಿ, ಸರಿಯಾಗಿ ಗಂಡನ ಕಾಲ ಬುಡದಲ್ಲೇ ಬಿತ್ತು.

ರುದ್ರಪ್ಪನವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಎತ್ತಿಕೊಂಡು, ಮಣ್ಣು ಕೊಡವಿ, “ಇಳಿಯೋವಾಗ ಹೇಳು” ಎಂದರು.

ಚಪ್ಪಲಿ ಹಿಡಿದುಕೊಂಡೇ ಕಾದರು. ಅವರ ಹಿಂದೆ ಸರದಿಗೆಂದು ನಾವೂ ಸಾಲಾಗಿ ನಿಂತೆವು. ಪಾರ್ವತಮ್ಮ ಇಳಿಯುವ ಲಕ್ಷಣವೇ ಕಾಣಲಿಲ್ಲ.