ಮಿಲ್ ಕ್ರೀಕಿನ ಪುಂಡಿಪಲ್ಯ

ನಮ್ಮತ್ತೆ ಬಾಗಲಕೋಟೆ ಕಡೆಯವರು, ನಾನು ಮೈಸೂರಿನವಳು. ಹನ್ನೊಂದು ವರ್ಷದಿಂದ ನಮ್ಮಿಬ್ಬರ ನಡುವೆ ಇರುವ ಜಗಳ ಒಂದೇ, ಅದೂ ಬಾಯಿಬಿಟ್ಟು ಆಡದ ಜಗಳ. ನಾನು ಏನು ಮಾಡಿ ಬಡಿಸಿದರೂ ಅವರು ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಗೋಡೆ ನೋಡಿ, "ಇರ್ಲಿ ಬಿಡವಾ" ಅನ್ನುತ್ತಾರೆ. ಚೆನ್ನಾಗಿದೆ ಅಂತಲ್ಲ, ಚೆನ್ನಾಗಿಲ್ಲ ಅಂತಲೂ ಅಲ್ಲ. ಇರ್ಲಿ! ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡಬಹುದಿತ್ತು, ಮಾತಿನಲ್ಲಿ ನಾನೇನು ಕಮ್ಮಿಯಿಲ್ಲ. ಈ 'ಇರ್ಲಿ'ಗೆ ಏನಂತ ಉತ್ತರ ಕೊಡುವುದು?

ಈ ಸಲ ಏಪ್ರಿಲ್‌ನಲ್ಲಿ ಅವರು ಆರು ತಿಂಗಳಿಗೆಂದು ಅಮೆರಿಕದ ಸಿಯಾಟಲ್ ಹತ್ತಿರವಿರುವ ಮಿಲ್ ಕ್ರೀಕಿನ ನಮ್ಮ ಮನೆಗೆ ಬಂದಾಗ ನಾನು ಹಟ ತೊಟ್ಟೆ. ವಾಪಸು ಹೋಗುವಷ್ಟರಲ್ಲಿ ನನ್ನ ಅಡುಗೆ ಚೆನ್ನಾಗಿದೆಯೆಂದು ಇವರ ಬಾಯಿಂದ ಒಂದು ಸಲವಾದರೂ ಹೇಳಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ. ಗಂಡನಿಗೆ ಹೇಳಿದರೆ ನಕ್ಕು, ಸಿಯಾಟಲ್ ಪೇಟೆಯ ಸೌತ್ ಲೇಕ್ ಯೂನಿಯನ್‌ನ ಆಫೀಸಿಗೆ ಬಸ್ ಹಿಡಿದು ಹೋದ. ಅವನದೇನು ಹೋಗುತ್ತೆ? ಮಧ್ಯಾಹ್ನ ಆಫೀಸಿನ ಹತ್ತಿರ ಟೆರಿಯಾಕಿ ತಿಂದು ಬರುವವನು. ಜಪಾನಿನವರು ತಂದ ಆ ತಿನಿಸು ಕೊರಿಯಾದವರ ಕೈಗೆ ಸಿಕ್ಕಿ ಸಿಯಾಟಲ್ ಊಟವೇ ಆಗಿಹೋಯಿತಂತೆ, ಅದನ್ನು ನನಗೆ ಪಾಠ ಬೇರೆ ಮಾಡುತ್ತಾನೆ.

ಅತ್ತೆಗೆ ಬೇಕಾಗಿದ್ದದ್ದು ಪುಂಡಿಪಲ್ಯ. ಹುಳಿಯಾದ ಪುಂಡಿ ಸೊಪ್ಪಿಗೆ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಮೇಲೊಂದು ಬೆಳ್ಳುಳ್ಳಿ ಒಗ್ಗರಣೆ. ಅದಿಲ್ಲದೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರು. ಇಂಡಿಯನ್ ಅಂಗಡಿಗೆ ಆ ಸೊಪ್ಪು ಗೋಂಗೂರ ಅನ್ನುವ ತೆಲುಗು ಹೆಸರಿನಲ್ಲಿ ಬರುತ್ತದೆ. ನಾನು ಮೀಟಿಂಗ್ ಮುಗಿಸಿ ಹೋಗುವಷ್ಟರಲ್ಲಿ ತೆಲುಗಿನವರು ಒಂದು ಕಟ್ಟೂ ಬಿಟ್ಟಿರುವುದಿಲ್ಲ. ಪಾಲಕ್ ಸೊಪ್ಪಿಗೆ ಹುಣಸೆಹಣ್ಣು ಹಿಂಡಿ ಮಾಡಿಕೊಟ್ಟೆ. ಅತ್ತೆ ಗೋಡೆ ನೋಡಿದರು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದಾರೆ. ಅವರ ಅಜ್ಜಿ ನಾರ್ವೆಯಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ರೂಬಾರ್ಬ್ ಗಡ್ಡೆಯ ಮರಿಗಳು ಇವತ್ತಿಗೂ ಇವರ ಹಿತ್ತಲಲ್ಲಿವೆ. ಕೆಂಪು ದಂಟು, ಮೊರದಷ್ಟು ಅಗಲದ ಎಲೆ. ಇಲ್ಲಿಯ ತಂಪಿಗೂ ಜಿಟಿಜಿಟಿ ಮಳೆಗೂ ಅದು ಎಷ್ಟು ಒಗ್ಗಿದೆಯೆಂದರೆ, ಬೇಡವೆಂದರೂ ಬೆಳೆಯುತ್ತದೆ. ಹುಳಿ ದಂಟಿಗೆ ಇಲ್ಲಿಯದೇ ಸ್ಟ್ರಾಬೆರಿ, ರಾಶಿ ಸಕ್ಕರೆ ಸೇರಿಸಿ ಪೈ ಮಾಡುತ್ತಾರೆ. ಪ್ರತಿ ಮೇ ತಿಂಗಳು ನಮಗೂ ಒಂದು ಕಟ್ಟು ದಂಟು ಬರುತ್ತದೆ, ಪ್ರತಿ ಮೇ ತಿಂಗಳೂ ಅದು ನಮ್ಮ ಫ್ರಿಜ್ಜಿನಲ್ಲಿ ಬಾಡುತ್ತದೆ.

ಈ ಸಲ ಆ ಅಜ್ಜಿ ಎಲೆಗಳನ್ನೆಲ್ಲ ಕತ್ತರಿಸಿ ತಮ್ಮ ಹಸಿ ಕಸದ ಡಬ್ಬಕ್ಕೆ ಎಸೆದು, ದಂಟನ್ನು ಬೇಲಿಯ ಮೇಲಿಂದ ಕೊಟ್ಟರು. ಅತ್ತೆ ಒಂದು ಚೂರು ಮುರಿದು ನಾಲಿಗೆಗೆ ಮುಟ್ಟಿಸಿದರು. ಕಣ್ಣು ಅರಳಿತು.

"ಅಯ್ಯ ಶಿವನ, ಇದು ಪುಂಡಿ ಹಂಗ ಹುಳಿ ಐತಿ! ಏನ್ ಹುಚ್ಚ ಮಂದಿನೋ, ಸೊಪ್ಪು ಒಗದು ದಂಟು ಕೊಟ್ಟಾಳಲ್ಲ ಈಕಿ!"

"ಅವ್ರು ತಿನ್ನೋದೇ ದಂಟು ಅತ್ತೆ," ಅಂದೆ. ಎಲೆ ಯಾಕೆ ತಿನ್ನುವುದಿಲ್ಲ ಅನ್ನುವುದು ನನಗಾದರೂ ಎಲ್ಲಿ ಗೊತ್ತಿತ್ತು? ದಂಟನ್ನು ಫ್ರಿಜ್ಜಿಗೆ ತುರುಕಿ ಮೀಟಿಂಗಿಗೆಂದು ಮೇಲೆ ಹೋದೆ.

ಒಂದು ಗಂಟೆ ಕಳೆದಿರಬೇಕು. ಬೆಳ್ಳುಳ್ಳಿ ಒಗ್ಗರಣೆಯ ಘಮ ಮೇಲೆ ಬಂತು, ಅದರ ಹಿಂದೆಯೇ ಕಿರುಚಾಟ. ಲ್ಯಾಪ್‌ಟಾಪ್ ಬಿಟ್ಟು ಓಡಿದೆ. ಅಡುಗೆಮನೆಯಲ್ಲಿ ಪಕ್ಕದ ಮನೆಯ ಅಜ್ಜಿ ಕೆಸರು ಬೂಟು ಹಾಕಿಕೊಂಡೇ ನಿಂತಿದ್ದಾರೆ. ನಡುವೆ ಒಂದು ಬಾಣಲೆ, ಅದರ ಒಂದು ಹಿಡಿ ಅವರ ಕೈಯಲ್ಲಿ, ಇನ್ನೊಂದು ಹಿಡಿ ಅತ್ತೆಯ ಕೈಯಲ್ಲಿ. ಬಾಣಲೆ ತುಂಬ ಕಡುಹಸಿರು ಪಲ್ಯ. ಅತ್ತೆ ಕಸದ ಡಬ್ಬದಿಂದ ಎಲೆಯನ್ನೆಲ್ಲ ಬಾಚಿ ತಂದು, ತೊಳೆದು, ಬೇಯಿಸಿ ಆಗಿತ್ತು. ಖಾಲಿ ಡಬ್ಬ ನೋಡಿದ ಅಜ್ಜಿ ವಾಸನೆ ಹಿಡಿದು ಓಡಿಬಂದಿದ್ದರು.

"ಪಾಯ್ಸನ್! ಪಾಯ್ಸನ್!"

"ಪಾಯ್ಸಾ ಅಲ್ಲಬೇ ಯವ್ವಾ, ಪಲ್ಯ! ಪಲ್ಯ!"

"ಪಾಯ್ಸನ್!"

"ಪಾಯ್ಸಾ ಬೇಕಂದ್ರ ನಾಳಿ ಮಾಡಿಕೊಡ್ತೀನಿ, ಮೊದಲ ಬಾಣಲಿ ಬಿಡು!"

ನಾನು ಅತ್ತೆಯ ತೋಳು ಹಿಡಿದೆ. "ಅತ್ತೆ, ಅದು ವಿಷ! ತಿಂದ್ರಾ? ಎಷ್ಟು ತಿಂದ್ರಿ?"

ಅತ್ತೆ ಹಿಡಿ ಬಿಟ್ಟರು. "ಇಲ್ಲವಾ. ನೀ ಬರ್ಲಿ, ಕೂಡೇ ಉಣ್ಣೋಣು ಅಂತ ಕುಂತಿದ್ನಿ."

"ಉಪ್ಪು ಕೂಡ ನೋಡಿಲ್ವಾ?"

"ಒಲಿ ಮ್ಯಾಲಿಂದು ಯಾರರ ಎಂಜಲಾ ಮಾಡ್ತಾರೇನು?"

ಅವರ ಈ ಮಡಿಯನ್ನು ಮನಸ್ಸಿನಲ್ಲೇ ಎಷ್ಟು ಸಲ ಆಡಿಕೊಂಡಿದ್ದೇನೋ, ಆ ಹೊತ್ತಿಗೆ ಅದಕ್ಕೇ ಕೈಮುಗಿದೆ. ಆಮೇಲೆ ಜೀವ ಹೋಗಿ ಬಂದ ಸಿಟ್ಟಿಗೆ ಚೆನ್ನಾಗಿ ಬೈದೆ. ಅವರು ಪಲ್ಯವೆಲ್ಲ ಕಸಕ್ಕೆ ಹೋಗುವುದನ್ನು ನೋಡುತ್ತ ಕುರ್ಚಿಯಲ್ಲಿ ಕುಳಿತರು.

"ನನ್ನ ಊರಿಗೆ ಕಳಿಸಿಬಿಡವಾ. ಇಲ್ಲಿ ಸೊಪ್ಪು ಸುದ್ದಾ ನನಗ ತಿಳಿಯಂಗಿಲ್ಲ."

ಸೊಪ್ಪು ಸೋಸಿಯೇ ಜೀವನ ಮಾಡಿದ ಹೆಂಗಸು! ಫ್ರಿಜ್ಜಿನಿಂದ ದಂಟು ಎಳೆದು ಹೆಚ್ಚತೊಡಗಿದೆ. ಪಕ್ಕದ ಮನೆಯ ಅಜ್ಜಿ ಹೋಗಲಿಲ್ಲ. ಕನ್ನಡಕ ಏರಿಸಿ, ಒಂದೊಂದು ತುಂಡಿಗೂ ಎಲೆ ಅಂಟಿದೆಯೇನೋ ಎಂದು ತಿರುಗಿಸಿ ನೋಡಿ ನನ್ನ ಮುಂದೆ ದೂಡಿದರು. ಬೇಳೆ, ನುಚ್ಚು, ಮೆಣಸಿನಕಾಯಿ ಹಾಕಿದೆ. ದಂಟು ಕರಗಿ ಮುದ್ದೆಯಾಯಿತು. ಮೈಸೂರಿನ ಕೈ ತಾನಾಗೇ ಬೆಲ್ಲದ ಡಬ್ಬಿಗೆ ಹೋಯಿತು, ಗದರಿಸಿ ವಾಪಸು ಕರೆದೆ. ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ.

ಮೂವರೂ ಕುಳಿತೆವು. ಅತ್ತೆ ಒಂದು ರೊಟ್ಟಿ ಮುಗಿಸಿದರು. ಇನ್ನೊಂದು ಹಾಕಿಸಿಕೊಂಡರು. ಪಕ್ಕದ ಮನೆಯ ಅಜ್ಜಿಗೆ ಖಾರಕ್ಕೆ ಕಣ್ಣು ಮೂಗು ಒಂದಾಗಿದ್ದರೂ ಪಲ್ಯ ಬಿಡಲಿಲ್ಲ. ನಾನು ಮಾತ್ರ ರಿಸಲ್ಟಿಗೆ ಕಾಯುವ ಎಸ್ಸೆಸ್ಸೆಲ್ಸಿ ಹುಡುಗಿಯ ಹಾಗೆ ಕುಳಿತಿದ್ದೆ, ನಾಚಿಕೆಯಾಗಬೇಕು ನನಗೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಎದುರಿಗಿದ್ದ ಅಜ್ಜಿಯ ಕಡೆ ಕೈ ಮಾಡಿದರು.

"ಆಕಿಗೆ ಹೇಳು. ನಮ್ಮ ಸೊಸಿ ಕೈಯಾಗ ರುಚಿ ಐತಿ ಅಂತ ಹೇಳು. ನಮ್ಮವ್ವ ಹೋದ ಮ್ಯಾಲೆ ಇಂಥಾ ಪಲ್ಯ ಉಂಡಿಲ್ಲ ನಾ ಅಂತ ಹೇಳು."

ಯಾರ ಎದುರೂ ತಡವರಿಸದ ನಾನು ತಡವರಿಸುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಟಿಶ್ಯೂನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಅಜ್ಜಿ ಸುಮ್ಮನೆ ತಲೆಯಾಡಿಸಿದರು. ಅತ್ತೆಗೆ ಸಮಾಧಾನವಾಗಲಿಲ್ಲ.

"ಆಕಿಗೆ ತಿಳೀಲಿಲ್ಲ ಅನಸ್ತೈತಿ. ಇನ್ನೊಮ್ಮೆ ಹೇಳು," ಅಂದರು ತಟ್ಟೆ ನೋಡುತ್ತ.

ಇನ್ನೊಮ್ಮೆ ಹೇಳಿದೆ. ಕನ್ನಡದಲ್ಲೇ ಹೇಳಿದ್ದೇನೆಂದು ನನಗೆ ಗೊತ್ತಾದದ್ದು, ಪಕ್ಕದ ಮನೆಯ ಅಜ್ಜಿ ಏನೂ ಅರ್ಥವಾಗದೆ ನನ್ನ ಮುಂದೆ ಟಿಶ್ಯೂ ಡಬ್ಬಿ ಸರಿಸಿದಾಗ.