ಏರ್‌ಗನ್ನಿಗಾಗಿ ಚೌಡಿಯ ಮುಂದೆ ಆಣೆ

ಕೊರೊನಾ ಮುಗಿಯಿತೆಂದು ಎಲ್ಲರೂ ಮಾಸ್ಕ್ ಬಿಸಾಡಿದ ವರ್ಷ ನಡೆದದ್ದು ಇದು. ಕೊಪ್ಪದ ಪಕ್ಕ ಬಾಳಗಡಿಯಲ್ಲಿ ನನ್ನದೊಂದು ಹೊಲಿಗೆ ಮಷೀನ್ ರಿಪೇರಿ ಅಂಗಡಿ ಇದೆ. ಅಪ್ಪನಿಂದ ಬಂದದ್ದು. ಅಪ್ಪ ಮಷೀನುಗಳ ಜೊತೆ ಹಳೆಯ ಏರ್‌ಗನ್ನುಗಳನ್ನೂ ರಿಪೇರಿ ಮಾಡುತ್ತಿದ್ದರು, ಆ ಕೆಲಸವೂ ನನ್ನ ಕೈಗೆ ಬಂತು. ಹೆಂಗಸು ಕೋವಿ ಬಿಚ್ಚುವುದನ್ನು ನೋಡಲೆಂದೇ ಕೆಲವರು ಬಾಗಿಲಲ್ಲಿ ನಿಲ್ಲುತ್ತಾರೆ. ನಿಲ್ಲಲಿ, ನನಗೇನು ನಷ್ಟ.

ಒಂದು ಬೆಳಿಗ್ಗೆ ಕಡಹಿನಬೈಲಿನ ಸುರೇಶ ಗೋಣಿಚೀಲದಲ್ಲಿ ಸುತ್ತಿದ ಏರ್‌ಗನ್ ತಂದ. ಸುರೇಶ ನನ್ನ ಜೊತೆ ಕಾಲೇಜಿನಲ್ಲಿ ಓದಿದವನು.

“ಮಂಗಗಳು ನನ್ನನ್ನ ನೋಡಿ ನಗ್ತಾವೆ ಮಾರಾಯ್ತಿ. ಗುಂಡು ನಾಲ್ಕು ಮಾರು ದೂರಾನೂ ಹೋಗಲ್ಲ” ಎಂದ.

ನಳಿಗೆ ಮೂಸಿದೆ. ಕೊಬ್ಬರಿ ಎಣ್ಣೆ! ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದೆಂದು ನಳಿಗೆಯೊಳಗೆ ಕೊಬ್ಬರಿ ಎಣ್ಣೆ ಹೊಯ್ಯುವುದು ನಮ್ಮ ಕಡೆಯವರ ಚಟ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಒಳಗೆ ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಂಡು ಢಂ ಎನ್ನುತ್ತದೆ, ಹೊಗೆಯೂ ಬರುತ್ತದೆ. ಕೋವಿಗೆ ಶಕ್ತಿ ಬಂತೆಂದು ಇವರು ಹಿಗ್ಗುತ್ತಾರೆ. ಹಾಗೇ ಹೊಡೆದು ಹೊಡೆದು ಕೊನೆಗೊಂದು ದಿನ ಸ್ಪ್ರಿಂಗ್ ತುಂಡಾಗುತ್ತದೆ, ತೊಗಲಿನ ವಾಷರ್ ಸುಟ್ಟು ಕರಕಲಾಗುತ್ತದೆ.

“ತಲೆಗೆ ಹಚ್ಚೋ ಎಣ್ಣೆನ ಕೋವಿಗೆ ಯಾಕೆ ಕುಡಿಸ್ತೀಯಾ?” ಎಂದು ಬೈದೆ. ಅವನು ನಕ್ಕ. ಆಮೇಲೆ ಗಂಭೀರವಾಗಿ, “ಜೋಪಾನ ಮಾರಾಯ್ತಿ. ಬಾಳೆಹೊನ್ನೂರಿನ ಕಾಫಿ ತೋಟದ ದೊರೆ ವಿಲಾಯಿತಿಗೆ ಹೋಗುವಾಗ ಅಪ್ಪಯ್ಯನ ಕೈಗೆ ಕೊಟ್ಟು ಹೋದದ್ದು” ಎಂದ. ಈ ಕಥೆ ನಾನೂ ಕೇಳಿದ್ದೆ. ಸುರೇಶನ ಅಪ್ಪಯ್ಯ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಆ ದೊರೆಯ ಮಾತು ಬಾರದೆ ಪಾಯಸ ಬರುತ್ತಿರಲಿಲ್ಲ.

ಕೋವಿಯ ಹೆಸರಿನ ಅಕ್ಷರಗಳು ಕೈ ತಾಗಿ ತಾಗಿ ಸವೆದುಹೋಗಿದ್ದವು. ಇಂಥ ಹಳೆಯ ಕೋವಿಗಳಲ್ಲಿ ಕೆಲವಕ್ಕೆ ಸಿಲಿಂಡರಿನ ಹಿಂಬದಿಯಲ್ಲಿ, ಮರದ ಹಿಡಿ ಬಿಚ್ಚಿದರೆ ಮಾತ್ರ ಕಾಣುವ ಹಾಗೆ, ತಯಾರಾದ ತಿಂಗಳು ಮತ್ತು ಇಸವಿ ಹೊಡೆದಿರುತ್ತಾರೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ ನೋಡಿದೆ. ಕೋವಿ ಜರ್ಮನಿಯದು, ಹೊರದೇಶದ್ದು ಎನ್ನುವುದು ಸುಳ್ಳಲ್ಲ. ಆದರೆ ಅದು ತಯಾರಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ದೊರೆ ತೋಟ ಮಾರಿ ಹಡಗು ಹತ್ತಿದ್ದ. ಬಾಳೆಹೊನ್ನೂರಿನ ಯಾವ ಮುದುಕರನ್ನು ಕೇಳಿದರೂ ಅಷ್ಟು ಹೇಳುತ್ತಾರೆ. ನನಗೆ ನಗು ಬಂತು. ತೀರಿಕೊಂಡವರ ಜಂಬ, ಯಾರಿಗೇನು ತೊಂದರೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಸ್ಪ್ರಿಂಗಿಗಾಗಿ ಶೃಂಗೇರಿಗೆ ಹೋದೆ. ಅಲ್ಲಿ ಅಪ್ಪನ ಪರಿಚಯದವರೊಬ್ಬರ ಅಟ್ಟದ ಮೇಲೆ ಅದೇ ಜಾತಿಯ ಕೋವಿಯೊಂದು ಹಿಡಿ ಮುರಿದು ಬಿದ್ದಿತ್ತು. ಅದರ ಸ್ಪ್ರಿಂಗ್ ಕೂತಿತು. ವಾಷರ್ ಮಾತ್ರ ಎಲ್ಲೂ ಸಿಗಲಿಲ್ಲ, ದಪ್ಪ ತೊಗಲನ್ನು ನೆನೆಸಿ ಅಚ್ಚಿಗೆ ಒತ್ತಿ ನಾನೇ ಮಾಡಿದೆ. ತೆಗೆದ ಹಳೆಯ ಭಾಗಗಳನ್ನು ಕಾಗದದಲ್ಲಿ ಕಟ್ಟಿ ವಾಪಸು ಕೊಡುವುದು ಅಪ್ಪನ ಕಾಲದಿಂದ ನಮ್ಮ ಅಂಗಡಿಯ ಪದ್ಧತಿ. ಹಾಗೇ ಕಟ್ಟಿ ಕೊಟ್ಟೆ. ಸುರೇಶ ಅಂಗಡಿಯ ಹಿಂದೆ ತಗಡಿನ ಡಬ್ಬಿ ಇಟ್ಟು ಹೊಡೆದು ನೋಡಿದ, ಕುಣಿಯುವುದೊಂದು ಬಾಕಿ.

ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಬಂದ. ಈ ಸಲ ಜೊತೆಯಲ್ಲಿ ಅವನ ತಂಗಿಯ ಗಂಡ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕೋವಿಯ ವಿಷಯದಲ್ಲಿ ಪಂಡಿತನಾದ ಮನುಷ್ಯ. ಒಂದು ಚಿತ್ರ ತೋರಿಸಿ, “ಈ ಮಾಡೆಲ್ಲಿಗೆ ಒಳಗೆ ಸಣ್ಣ ಉಕ್ಕಿನ ಗುಂಡುಗಳಿರೋ ಟ್ರಿಗರ್ ಬರ್ತದೆ. ಇದರಲ್ಲಿ ಇಲ್ಲ. ನೀವು ಕೊಟ್ಟ ಕಟ್ಟಲ್ಲೂ ಇಲ್ಲ. ಎಲ್ಲಿ ಹೋಯ್ತು?” ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಾಳ್ಮೆಯಿಂದ ಬಿಡಿಸಿ ಹೇಳಿದೆ. ಒಂದೇ ಹೊರರೂಪದಲ್ಲಿ ಎರಡು ಬಗೆ ಬರುತ್ತಿದ್ದವು. ಗುಂಡಿನ ಟ್ರಿಗರ್ ಇರುವುದು ದುಬಾರಿಯದು, ಇದು ಸಾದಾ. ಆ ಟ್ರಿಗರ್ ಕೂರಬೇಕಾದರೆ ಸಿಲಿಂಡರಿನ ಹಿಂಬದಿಯನ್ನೇ ಬೇರೆ ರೀತಿ ಕೊರೆದಿರಬೇಕು. ಅವರೆದುರೇ ಕೋವಿ ಬಿಚ್ಚಿ, ಇಲ್ಲಿ ಕೊರೆದೇ ಇಲ್ಲ ಎಂದು ಬೆರಳಿಟ್ಟು ತೋರಿಸಿದೆ.

ತಂಗಿಯ ಗಂಡ ನೋಡಿದ್ದು ಅದನ್ನಲ್ಲ, ಪಕ್ಕದ ಇಸವಿಯನ್ನು. “ಇದೆಂತ ಇಸವಿ? ಆಗ ದೊರೆ ಎಲ್ಲಿದ್ದ?” ಎಂದ.

ಸುರೇಶ ನನ್ನ ಮುಖ ನೋಡಿದ. ನಾನೇನು ಮಾಡಲಿ? “ಇದು ಈ ಕೋವಿ ತಯಾರಾದ ಇಸವಿ ಕಣೋ. ಇದು ದೊರೆ ಕೊಟ್ಟದ್ದಾಗಿರೋಕೆ ಸಾಧ್ಯ ಇಲ್ಲ” ಎಂದೆ.

“ಹಂಗಾದ್ರೆ ಅಪ್ಪಯ್ಯ ಸುಳ್ಳು ಹೇಳಿದ್ರಾ?” ಎಂದ ಸುರೇಶ. “ದೊರೆಯ ಕೋವಿದು ಒಳಗಿಂದೆಲ್ಲ ಬದಲು ಮಾಡಿ, ಯಾವ್ದೋ ಗುಜರಿ ಸಿಲಿಂಡರ್ ಹಾಕಿ ಕೊಟ್ಟಿದೀಯ. ಶೃಂಗೇರಿಗೆ ಹೋಗಿದ್ದು ಅದಕ್ಕೇ ಅಲ್ವಾ?”

ಅವನಿಗೆ ಇದ್ದ ದಾರಿ ಎರಡೇ. ಅಪ್ಪಯ್ಯ ಬುರುಡೆ ಬಿಟ್ಟರೆಂದು ಒಪ್ಪುವುದು, ಇಲ್ಲವೇ ನಾನು ಕಳ್ಳಿ ಎನ್ನುವುದು. ನಾನು ಕಳ್ಳಿಯಾದೆ. ಮಾತು ಬಾಳಗಡಿಯಿಂದ ಕೊಪ್ಪ ಪೇಟೆಗೆ ಹೋಗಲು ತಡವಾಗಲಿಲ್ಲ. ರಿಪೇರಿಗೆ ಕೊಟ್ಟ ಮಷೀನುಗಳನ್ನು ಕೆಲವರು ಹಾಗೇ ವಾಪಸು ಒಯ್ದರು. “ನಮ್ಮ ತೋಟ ಕಾಯೋ ಚೌಡಿ ಮುಂದೆ ಆಣೆ ಮಾಡ್ಲಿ, ನಾನು ತಪ್ಪಾಯ್ತು ಅಂತೀನಿ” ಎಂದು ಸುರೇಶ ಹೇಳಿ ಕಳಿಸಿದ. ಹೋಗದಿದ್ದರೆ ಕದ್ದದ್ದನ್ನು ಒಪ್ಪಿಕೊಂಡ ಹಾಗೆ. ಹೋದೆ.

ಅವರ ತೋಟದ ಅಂಚಿನಲ್ಲಿ ಚೌಡಿಯ ಬನ. ಊರಿನ ಹತ್ತಾರು ಜನ ಸೇರಿದ್ದರು. ಸುರೇಶನ ಅಮ್ಮನೂ ಇದ್ದರು. ಕಾಲೇಜಿನ ದಿನಗಳಲ್ಲಿ ಎಷ್ಟೋ ಸಲ ಆ ಅಮ್ಮ ನನ್ನನ್ನು ಕೂರಿಸಿ ಊಟ ಬಡಿಸಿದ್ದಾರೆ. ಈಗ ನೆಲ ನೋಡುತ್ತ ನಿಂತಿದ್ದರು. ಕಲ್ಲಿನ ಮುಂದೆ ತೆಂಗಿನಕಾಯಿ ಇಟ್ಟು, ಅದರ ಮೇಲೆ ಕೈ ಇಟ್ಟು, “ಈ ಕೋವಿಯದು ಒಂದು ಮೊಳೆ ಕದ್ದಿದ್ದರೂ ನನ್ನ ಈ ಕೈ ಬಿದ್ದು ಹೋಗಲಿ” ಎಂದೆ. ಹೊಟ್ಟೆ ಹೊರೆಯುವ ಕೈ. ಸುರೇಶ ತಪ್ಪಾಯ್ತು ಎನ್ನಲಿಲ್ಲ. “ಇನ್ನು ಚೌಡಿ ನೋಡ್ಕೊಳ್ತಾಳೆ” ಎಂದು ಹೊರಟುಹೋದ.

ನಾನು ಗೇಟು ದಾಟುವಾಗ ಅವನ ಅಮ್ಮ ಹಿಂದಿನಿಂದ ಬೇಗ ಬೇಗ ನಡೆದು ಬಂದರು. ಕೈಯಲ್ಲಿ ಒಂದು ಲೋಟ ಮಜ್ಜಿಗೆ. ಸುತ್ತ ಯಾರೂ ಇಲ್ಲವೆಂದು ನೋಡಿ, ಮೆಲ್ಲನೆ ಹೇಳಿದರು:

“ಅದು ಶಿವಮೊಗ್ಗದ ಅಂಗಡಿಯಿಂದ ತಂದದ್ದು ಮಗಾ. ಮದುವೆ ಆದ ಹೊಸತು, ನಾನೇ ಜೊತೆಗೆ ಹೋಗಿದ್ದೆ. ಹೋದವರ ಮಾನ ತೆಗೆಯೋದು ಹ್ಯಾಂಗೆ ಹೇಳು. ನೀನು ಕದ್ದಿಲ್ಲ ಅಂತ ನನಗೆ ಗೊತ್ತಿತ್ತು. ಸತ್ಯ ಹೇಳಿದವಳಿಗೆ ಚೌಡಿ ಎಂತ ಮಾಡ್ತಾಳೆ? ನಿನಗೆ ಏನೂ ಆಗಲ್ಲ ಅಂತ ಗೊತ್ತಿದ್ದೇ ಸುಮ್ಮನಿದ್ದೆ.”

ಮಜ್ಜಿಗೆ ಮುಟ್ಟದೆ ಬಸ್ಸಿಗೆ ನಡೆದೆ.

ಚೌಡಿ ನಿಜಕ್ಕೂ ಏನೂ ಮಾಡಲಿಲ್ಲ, ನನ್ನ ಕೈ ಗಟ್ಟಿಯಾಗೇ ಇದೆ. ಆದರೆ ಆಣೆ ಮಾಡಿದ್ದರಿಂದ ಹೆಸರು ತೊಳೆದು ಬರಲಿಲ್ಲ. ಏನೋ ಇದ್ದದ್ದಕ್ಕೇ ಆಣೆವರೆಗೆ ಹೋಯಿತು ಎಂದು ಜನ ಇವತ್ತಿಗೂ ಹೇಳುತ್ತಾರೆ. ಸುರೇಶನ ಮೇಲಿನ ಸಿಟ್ಟು ಹೇಗೋ ಇಳಿದಿದೆ, ಅವನಿಗೆ ತಿಳಿದಿರಲಿಲ್ಲ. ಅಮ್ಮನ ಮೇಲಿನದು ಇಳಿದಿಲ್ಲ. ಕ್ಷಮಿಸಬೇಕು ಎಂದು ದೊಡ್ಡವರು ಹೇಳುತ್ತಾರೆ, ನನ್ನಿಂದ ಆಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ಬಾಳಗಡಿಯಿಂದಲೂ ಜನ ಜೀಪು ಮಾಡಿಕೊಂಡು ಹೋದರು. “ನೀನು ಬರಲ್ವಾ? ಅಷ್ಟು ಊಟ ಹಾಕಿದವರು” ಎಂದು ಪಕ್ಕದ ಅಂಗಡಿಯವರು ಕೇಳಿದರು. ಕೆಲಸ ಇದೆ ಎಂದೆ. ಆ ದಿನ ಅಂಗಡಿಯಲ್ಲಿ ಒಂದು ಕೆಲಸವೂ ಇರಲಿಲ್ಲ.